ಕೀ ಮನೆಯಲ್ಲೇ ಇತ್ತು, ಕಾರು ಹೋದದ್ದು ಹೇಗೆ?

2017ರ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಹೊಂದಿಕೊಂಡ ಸೋಲಿಹಲ್‌ನಲ್ಲಿ ಮನೆಯೊಂದರ ಮುಂದೆ ಮರ್ಸಿಡಿಸ್ ಕಾರು ನಿಂತಿದೆ. ಇಬ್ಬರು ಬರುತ್ತಾರೆ. ಇಬ್ಬರ ಕೈಯಲ್ಲೂ ಒಂದೊಂದು ಪೆಟ್ಟಿಗೆ. ಒಬ್ಬ ಕಾರಿನ ಪಕ್ಕದಲ್ಲಿ ನಿಲ್ಲುತ್ತಾನೆ. ಇನ್ನೊಬ್ಬ ಮನೆಯ ಮುಂಬಾಗಿಲ ಬಳಿ ಹೋಗಿ ತನ್ನ ಪೆಟ್ಟಿಗೆಯನ್ನು ಗೋಡೆಯ ಉದ್ದಕ್ಕೂ ಮೆಲ್ಲನೆ ಆಡಿಸುತ್ತಾನೆ. ಕೆಲವೇ ಕ್ಷಣಗಳಲ್ಲಿ ಕಾರಿನ ಬಾಗಿಲು ತೆರೆದುಕೊಳ್ಳುತ್ತದೆ, ಎಂಜಿನ್ ಚಾಲೂ ಆಗುತ್ತದೆ. ಎಲ್ಲ ಸೇರಿ ಒಂದು ನಿಮಿಷದ ಆಸುಪಾಸು. ಗಾಜು ಒಡೆದಿಲ್ಲ, ಅಲಾರಂ ಕೂಗಿಲ್ಲ, ಬೀದಿನಾಯಿಯೂ ಬೊಗಳಿದಂತಿಲ್ಲ. ಕಾರಿನ ಕೀ ಮಾತ್ರ ಮನೆಯೊಳಗೇ ಇತ್ತು!

ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು ಆ ವರ್ಷದ ನವೆಂಬರ್‌ನಲ್ಲಿ ಸಿಸಿಟಿವಿಯ ಈ ದೃಶ್ಯಗಳನ್ನು ಬಿಡುಗಡೆ ಮಾಡಿದಾಗ ನೋಡಿದವರು ಬೆಚ್ಚಿದ್ದು ಸಹಜವೇ. ಏಕೆಂದರೆ ಅಲ್ಲಿ ಬೀಗ ಮುರಿದಿರಲಿಲ್ಲ, ಕೀ ಕಳವಾಗಿರಲಿಲ್ಲ. ಯಜಮಾನರೇ ಬಂದಿದ್ದಾರೆಂದು ನಂಬಿ ಕಾರು ತಾನಾಗಿ ಬಾಗಿಲು ತೆರೆದುಕೊಟ್ಟಿತ್ತು.

ದೂರದ ಇಂಗ್ಲೆಂಡಿನ ಈ ಕಥೆ ನಮಗೇಕೆ ಎನ್ನುವಂತಿಲ್ಲ. 1990ರ ದಶಕದ ಕೊನೆಯಲ್ಲಿ ಸಿರಿವಂತರ ಕಾರುಗಳಿಗಷ್ಟೇ ಸೀಮಿತವಾಗಿದ್ದ ಈ ಸೌಲಭ್ಯ ಈಗ ನಮ್ಮಲ್ಲಿ ಹತ್ತು ಲಕ್ಷ ರೂಪಾಯಿಯೊಳಗಿನ ಕಾರುಗಳಿಗೂ ಬಂದಿದೆ. ಕೀಯನ್ನು ಜೇಬಿನಿಂದ ತೆಗೆಯಬೇಕಿಲ್ಲ, ಬಾಗಿಲ ಹಿಡಿ ಮುಟ್ಟಿದರೆ ಸಾಕು, ಗುಂಡಿ ಒತ್ತಿದರೆ ಎಂಜಿನ್ ಸಿದ್ಧ. ಕೈತುಂಬ ತರಕಾರಿ ಚೀಲ ಹಿಡಿದು ಬರುವವರಿಗೆ ಇದು ವರದಾನವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಮನೆಗೆ ಬಂದೊಡನೆ ಆ ಕೀಯನ್ನು ಎಲ್ಲಿಡುತ್ತೇವೆ? ಮುಂಬಾಗಿಲ ಪಕ್ಕದ ಮೊಳೆಗೆ, ಇಲ್ಲವೇ ಚಪ್ಪಲಿ ಗೂಡಿನ ಮೇಲೆ. ಕಾರು ಕಾಂಪೌಂಡಿನ ಹೊರಗೆ, ರಸ್ತೆಬದಿಯಲ್ಲಿ. ಎರಡರ ನಡುವೆ ಒಂದು ಗೋಡೆ, ಹತ್ತಾರು ಅಡಿ. ಸೋಲಿಹಲ್‌ನ ಕಳ್ಳರಿಗೂ ಬೇಕಾಗಿದ್ದದ್ದು ಇಷ್ಟೇ.

'ಯಾರಲ್ಲಿ?' ಎನ್ನುತ್ತದೆ ಕಾರು

ಕೀಲೆಸ್ ವ್ಯವಸ್ಥೆ ಎಂದಾಕ್ಷಣ ಕೀಯೇ ಇಲ್ಲವೆಂದಲ್ಲ. ಕೀ ಇದೆ, ಅದನ್ನು ತಿರುಗಿಸುವ ಕೆಲಸವಿಲ್ಲ ಅಷ್ಟೆ. ಬಾಗಿಲ ಹಿಡಿಯನ್ನು ಮುಟ್ಟಿದೊಡನೆ, ಪೌರಾಣಿಕ ನಾಟಕದ ರಾಜ 'ಯಾರಲ್ಲಿ?' ಎಂದು ಕೂಗುವಂತೆ, ಕಾರು ಒಂದು ಕರೆ ಹೊರಡಿಸುತ್ತದೆ. ಈ ಕರೆ ಸುಮಾರು 125 ಕಿಲೋಹರ್ಟ್ಸ್‌ನಷ್ಟು ಕಡಿಮೆ ಕಂಪನಾಂಕದ್ದು. ಒಂದೆರಡು ಮೀಟರ್ ದಾಟುವಷ್ಟರಲ್ಲಿ ಇದರ ಶಕ್ತಿ ಉಡುಗಿಹೋಗುತ್ತದೆ. ಕರೆ ಕೇಳಿಸಿದ ಕೀ ನಿದ್ದೆಯಿಂದೆದ್ದು ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ. ಈ ಉತ್ತರಕ್ಕೆ ಹತ್ತಾರು ಮೀಟರ್ ಸಾಗುವ ಕಸುವಿದೆ.

ಉತ್ತರವೇನೂ ಸುಲಭದ್ದಲ್ಲ. ಕಾರು ಪ್ರತಿ ಬಾರಿಯೂ ಹೊಸದೊಂದು ಸಂಖ್ಯೆಯನ್ನು ಮುಂದಿಡುತ್ತದೆ. ಕೀ ತನ್ನೊಳಗಿನ ರಹಸ್ಯ ಸಂಖ್ಯೆಯೊಡನೆ ಅದನ್ನು ಬೆರೆಸಿ, ಲೆಕ್ಕ ಹಾಕಿ, ಫಲಿತಾಂಶವನ್ನು ಹಿಂದಿರುಗಿಸುತ್ತದೆ. ಕಾರೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ನಿನ್ನೆಯ ಉತ್ತರವನ್ನು ಮುದ್ರಿಸಿಕೊಂಡು ಇಂದು ಕೇಳಿಸಿದರೆ ನಡೆಯದು. ಸ್ಟಾರ್ಟ್ ಗುಂಡಿ ಒತ್ತಿದಾಗ ಇದೇ ಸಂಭಾಷಣೆ ಇನ್ನೊಮ್ಮೆ ನಡೆಯುತ್ತದೆ.

ಇಷ್ಟೆಲ್ಲ ಭದ್ರವಾಗಿರುವ ವ್ಯವಸ್ಥೆಯಲ್ಲಿ ಬಿರುಕೆಲ್ಲಿ? ಕಾರಿನ ಒಂದು ನಂಬಿಕೆಯಲ್ಲಿ. ನನ್ನ ಕರೆ ಒಂದೆರಡು ಮೀಟರ್‌ಗಿಂತ ಆಚೆ ಕೇಳಿಸದು, ಉತ್ತರ ಬಂತೆಂದರೆ ಕೀ ಪಕ್ಕದಲ್ಲೇ ಇದೆ ಎಂದು ಅದು ಭಾವಿಸುತ್ತದೆ. ದೂರವನ್ನು ಅದು ಅಳೆಯುವುದಿಲ್ಲ, ಊಹಿಸುತ್ತದೆ.

ಕಳ್ಳರ ಎರಡು ಪೆಟ್ಟಿಗೆಗಳು ಈ ಊಹೆಯನ್ನು ಸುಳ್ಳಾಗಿಸುತ್ತವೆ. ಕಾರಿನ ಪಕ್ಕದ ಪೆಟ್ಟಿಗೆ 'ಯಾರಲ್ಲಿ?' ಎಂಬ ಕರೆಯನ್ನು ಹಿಡಿದು ಬೇರೊಂದು ತರಂಗಾಂತರದಲ್ಲಿ ಮನೆಬಾಗಿಲಿನ ಪೆಟ್ಟಿಗೆಗೆ ರವಾನಿಸುತ್ತದೆ. ಅಲ್ಲಿ ಅದೇ ಕರೆ ಮತ್ತೆ ಗಟ್ಟಿಯಾಗಿ ಮೊಳಗುತ್ತದೆ. ಮೊಳೆಗೆ ನೇತುಬಿದ್ದ ಪಾಪದ ಕೀ, ಯಜಮಾನರು ಕಾರಿನ ಬಳಿ ಇದ್ದಾರೆಂದುಕೊಂಡು, ಪ್ರಾಮಾಣಿಕವಾಗಿ ಉತ್ತರಿಸುತ್ತದೆ. ಇದನ್ನೇ ರಿಲೇ ದಾಳಿ ಎನ್ನುತ್ತಾರೆ.

ಗೂಢಲಿಪಿ ಎಷ್ಟೇ ಬಲವಾಗಿದ್ದರೂ ಇದನ್ನು ತಡೆಯಲಾರದು ಎಂಬುದನ್ನು ಅರಿಯಲು ಗಣಿತಜ್ಞ ಜಾನ್ ಕಾನ್ವೇ 1976ರಲ್ಲಿ ಹೇಳಿದ ಒಂದು ಚದುರಂಗದ ಪ್ರಸಂಗ ನೆರವಾಗುತ್ತದೆ. ಆಟ ಅಷ್ಟಾಗಿ ಬಾರದ ಪುಟ್ಟ ಹುಡುಗಿಯೊಬ್ಬಳು ಇಬ್ಬರು ಗ್ರ್ಯಾಂಡ್‌ಮಾಸ್ಟರ್‌ಗಳ ಜೊತೆ ಅಂಚೆಯ ಮೂಲಕ ಏಕಕಾಲಕ್ಕೆ ಆಡುತ್ತಾಳೆ. ಒಬ್ಬರೊಡನೆ ಕಪ್ಪು ಕಾಯಿ, ಇನ್ನೊಬ್ಬರೊಡನೆ ಬಿಳಿ. ಮೊದಲನೆಯವರ ನಡೆಯನ್ನು ಎರಡನೆಯವರಿಗೆ, ಅವರ ಉತ್ತರವನ್ನು ಮೊದಲನೆಯವರಿಗೆ ದಾಟಿಸುವುದಷ್ಟೇ ಅವಳ ಕೆಲಸ. ಎರಡೂ ಆಟಗಳಲ್ಲಿ ಅವಳು ಸೋಲಲು ಸಾಧ್ಯವೇ ಇಲ್ಲ! ವಾಸ್ತವದಲ್ಲಿ ಆಡುತ್ತಿರುವವರು ಆ ಇಬ್ಬರು ಘಟಾನುಘಟಿಗಳೇ. ಕಾರುಗಳ್ಳನೂ ಆ ಹುಡುಗಿಯಂತೆ, ರಹಸ್ಯ ಸಂಖ್ಯೆಯ ಒಂದಂಕಿಯನ್ನೂ ಅರಿಯದ ಅಂಚೆಯವ.

ಇದೇನೂ ತಯಾರಕರಿಗೆ ಅನಿರೀಕ್ಷಿತವಾಗಿರಲಿಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 8 ಕಂಪನಿಗಳ 10 ಮಾದರಿಗಳ ಮೇಲೆ ಈ ತಂತ್ರವನ್ನು ಪ್ರಯೋಗಿಸಿ, ಹತ್ತೂ ಶರಣಾದವೆಂದು 2011ರಲ್ಲೇ ಪ್ರಕಟಿಸಿದ್ದರು. ಜರ್ಮನಿಯ ವಾಹನ ಮಾಲೀಕರ ಸಂಘಟನೆ ಎಡಿಎಸಿ ಆನಂತರ ನೂರಾರು ಮಾದರಿಗಳನ್ನು ಪರೀಕ್ಷಿಸುತ್ತಾ ಬಂದಿದ್ದು, ಬಹುಪಾಲು ಅನುತ್ತೀರ್ಣವಾಗಿವೆ. ಅಂದರೆ ಸೋಲಿಹಲ್ ಕಳವಿಗೆ ಆರು ವರ್ಷ ಮೊದಲೇ ಎಚ್ಚರಿಕೆಯ ಗಂಟೆ ಬಾರಿಸಿತ್ತು. ಕೇಳಿಸಿಕೊಳ್ಳಬೇಕಾದವರು ಆ ಕೀಯಷ್ಟು ಚುರುಕಾಗಿರಲಿಲ್ಲ.

ಓಡುವ ಕಾರು ನಿಲ್ಲುವುದಿಲ್ಲವೇಕೆ?

ಕೀ ಮನೆಯಲ್ಲೇ ಉಳಿದು ಕಾರು ಮುಂದೆ ಹೋದರೆ ಎಂಜಿನ್ ನಿಂತುಬಿಡಬೇಕಲ್ಲವೇ? ಅನೇಕರ ಪ್ರಶ್ನೆ ಇದು. ನಿಲ್ಲುವುದಿಲ್ಲ. ಹೆದ್ದಾರಿಯಲ್ಲಿ ವೇಗವಾಗಿ ಸಾಗುತ್ತಿರುವಾಗ ಕೀಯ ಬ್ಯಾಟರಿ ಮುಗಿದು ಎಂಜಿನ್ ಸ್ತಬ್ಧವಾದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಕೀ ಕಾಣುತ್ತಿಲ್ಲವೆಂಬ ಎಚ್ಚರಿಕೆ ಮೂಡುತ್ತದೆಯೇ ಹೊರತು ಕಾರು ನಿಲ್ಲದು. ಪ್ರಯಾಣಿಕರ ಸುರಕ್ಷತೆಗಾಗಿ ಕೈಗೊಂಡ ಈ ನಿರ್ಧಾರ ಸರಿಯಾದದ್ದೇ. ಆದರೆ ಒಮ್ಮೆ ಚಾಲೂ ಆದ ಕಾರನ್ನು ಕಳ್ಳ ಎಂಜಿನ್ ಆರಿಸದೆ ತನ್ನ ಅಡ್ಡೆಯವರೆಗೂ ಒಯ್ಯಬಲ್ಲ. ಅಲ್ಲಿ ಹೊಸ ಕೀ ಸಿದ್ಧಪಡಿಸಲು ಬೇಕಾದಷ್ಟು ಸಮಯವಿರುತ್ತದೆ.

ಹೊಸ ಕೀ ಎಂದೆವಲ್ಲ, ಭಾರತದ ಮಟ್ಟಿಗೆ ಹೆಚ್ಚು ಚಿಂತಿಸಬೇಕಾದದ್ದು ಅದರ ಬಗ್ಗೆಯೇ. ಸ್ಟಿಯರಿಂಗ್ ಕೆಳಗೆ ಒಬಿಡಿ ಎಂಬ ಕಿಂಡಿಯೊಂದಿದೆ. ಸರ್ವಿಸ್ ಕೇಂದ್ರದವರು ಕಂಪ್ಯೂಟರ್ ಜೋಡಿಸಿ ಕಾರಿನ ಕಾಯಿಲೆ ಪತ್ತೆ ಹಚ್ಚುವುದು ಇದರ ಮೂಲಕವೇ. ಕೀ ಕಳೆದುಕೊಂಡವರಿಗೆ ಹೊಸ ಕೀ ಪರಿಚಯಿಸಿಕೊಡುವುದೂ ಇದರಿಂದಲೇ. ಇದಕ್ಕೆಂದೇ ಇರುವ ಯಂತ್ರ ಕಳ್ಳರ ಕೈಸೇರಿದರೆ, ಗಾಜು ಒಡೆದು ಒಳಹೊಕ್ಕು ಕೆಲವೇ ನಿಮಿಷಗಳಲ್ಲಿ ತಮ್ಮದೇ ಕೀಯನ್ನು ಕಾರಿಗೆ ಒಪ್ಪಿಸಬಹುದು. ದೆಹಲಿ ಮತ್ತು ಅದರ ಸುತ್ತಮುತ್ತ ಸಿಕ್ಕಿಬಿದ್ದ ಕಾರುಗಳ್ಳರ ಬಳಿ ಇಂಥ ಯಂತ್ರಗಳು ದೊರೆತ ಸುದ್ದಿಗಳು ಹೊಸತಲ್ಲ. ಯುರೋಪಿನಲ್ಲೂ ಇದೇ ಪಾಡು. ವಾಹನ ದೋಷ ಪತ್ತೆಯ ಸಾಧನವೆಂಬ ಸೋಗಿನಲ್ಲಿ ಕೀಲೆಸ್ ಕಾರುಗಳನ್ನು ಕದಿಯಲು ನೆರವಾಗುವ ತಂತ್ರಾಂಶ ಮಾರುತ್ತಿದ್ದ ಜಾಲವೊಂದನ್ನು 2022ರ ಅಕ್ಟೋಬರ್‌ನಲ್ಲಿ ಫ್ರಾನ್ಸ್, ಸ್ಪೇನ್ ಮತ್ತು ಲಾಟ್ವಿಯ ಪೊಲೀಸರು ಯುರೋಪೋಲ್ ನೆರವಿನಿಂದ ಬೇಧಿಸಿ 31 ಮಂದಿಯನ್ನು ಬಂಧಿಸಿದ್ದರು.

ಇನ್ನೊಂದು ಬಗೆ ಮತ್ತಷ್ಟು ವಿಚಿತ್ರ. 2022ರಲ್ಲಿ ಲಂಡನ್ನಿನ ಸೈಬರ್ ಭದ್ರತಾ ತಜ್ಞರೊಬ್ಬರ ಟೊಯೊಟಾ ರಾವ್4 ಕಾರೇ ಕಳವಾಯಿತು. ಅದಕ್ಕೂ ಮೊದಲು ಯಾರೋ ಮುಂಭಾಗದ ಬಂಪರ್ ಎಳೆದು, ಹೆಡ್‌ಲೈಟ್ ತಂತಿಗಳನ್ನು ಬಿಚ್ಚಿದ್ದನ್ನು ಅವರು ಕಂಡಿದ್ದರು. ಪುಂಡರ ಕೆಲಸವೆಂದು ಸುಮ್ಮನಾಗಿದ್ದರು. ಕಾರು ಹೋದ ಮೇಲೆ ಬೆನ್ನುಹತ್ತಿ ಹುಡುಕಿದಾಗ ಗೊತ್ತಾದದ್ದು, ಕಾರಿನ ಬಿಡಿಭಾಗಗಳೆಲ್ಲ ಪರಸ್ಪರ ಮಾತಾಡಿಕೊಳ್ಳುವ 'ಕ್ಯಾನ್ ಬಸ್' ಎಂಬ ತಂತಿಜಾಲಕ್ಕೆ ಹೆಡ್‌ಲೈಟಿನ ಮೂಲಕವೇ ನುಸುಳಿ, 'ಸರಿಯಾದ ಕೀ ಬಂದಿದೆ' ಎಂಬ ಸುಳ್ಳು ಸಂದೇಶ ಕಳುಹಿಸಬಹುದೆಂಬ ಸತ್ಯ. ಅದಕ್ಕೆ ಬಳಸುವ ಸಾಧನವನ್ನು ಬ್ಲೂಟೂತ್ ಸ್ಪೀಕರಿನ ಡಬ್ಬಿಯೊಳಗೆ ಅಡಗಿಸಿ ಮಾರಲಾಗುತ್ತಿತ್ತು. ಈ ಕಳವಿಗೆ ಕೀ ಎಲ್ಲಿದೆ ಎಂಬುದೇ ಲೆಕ್ಕಕ್ಕಿಲ್ಲ. ಹೀಗಾಗಿ ಕೀಯನ್ನು ಬಚ್ಚಿಟ್ಟ ಮಾತ್ರಕ್ಕೆ ಕಾರು ಸುರಕ್ಷಿತವೆಂದು ನಿಶ್ಚಿಂತೆಯಿಂದ ಮಲಗುವಂತಿಲ್ಲ.

ಮಾಲ್, ಕಲ್ಯಾಣ ಮಂಟಪಗಳ ಮುಂದೆ ನಡೆಯಬಹುದಾದ ಸರಳ ಮೋಸವನ್ನೂ ಇಲ್ಲೇ ಹೇಳಿಬಿಡಬೇಕು. ನೀವು ಲಾಕ್ ಗುಂಡಿ ಒತ್ತಿ ನಡೆದುಹೋಗುವಾಗ ಹತ್ತಿರದಲ್ಲೇ ಒಬ್ಬ ಜಾಮರ್ ಹಿಡಿದಿದ್ದರೆ ಆ ಸಂಕೇತ ಕಾರಿಗೆ ತಲುಪುವುದೇ ಇಲ್ಲ. ಇಂಡಿಕೇಟರ್ ಮಿನುಗಿತೇ, ಕನ್ನಡಿ ಮಡಚಿತೇ ಎಂದು ನೋಡಿ, ಬಾಗಿಲನ್ನೊಮ್ಮೆ ಎಳೆದು ಹೋಗುವುದು ಇದಕ್ಕೆ ಮದ್ದು.

ಸ್ಟೀಲ್ ಡಬ್ಬಿಯ ಪರೀಕ್ಷೆ

ಹಾಗಾದರೆ ಮಾಡುವುದೇನು? ರಿಲೇ ದಾಳಿಗೆ ಅತಿ ಅಗ್ಗದ ತಡೆಯೆಂದರೆ ಕೀಗೆ ಕರೆ ಕೇಳಿಸದಂತೆ, ಇಲ್ಲವೇ ಅದರ ಉತ್ತರ ಹೊರಹೋಗದಂತೆ ಮಾಡುವುದು. ಸುತ್ತಲೂ ಲೋಹದ ಆವರಣವಿದ್ದರೆ ರೇಡಿಯೋ ತರಂಗಗಳು ಒಳಗೇ ಉಳಿಯುತ್ತವೆ ಎಂಬುದು ಮೈಕೆಲ್ ಫ್ಯಾರಡೆ 19ನೇ ಶತಮಾನದಲ್ಲೇ ತೋರಿಸಿಕೊಟ್ಟ ತತ್ವದ ಫಲ. ಲೋಹದ ಎಳೆ ನೇಯ್ದ 'ಫ್ಯಾರಡೆ ಪೌಚ್'ಗಳು ಆನ್‌ಲೈನ್ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತವೆ.

ಕೊಂಡರಷ್ಟೇ ಸಾಲದು. ಕೀಯನ್ನು ಪೌಚಿನಲ್ಲಿಟ್ಟು, ಬಾಯಿ ಪೂರ್ತಿ ಮುಚ್ಚಿ, ಕಾರಿನ ಬಾಗಿಲಿಗೇ ತಾಗಿಸಿ ಹಿಡಿದು ಬಾಗಿಲ ಹಿಡಿಯನ್ನು ಮುಟ್ಟಿ ನೋಡಿ. ಬಾಗಿಲು ತೆರೆದರೆ ಆ ಪೌಚು ಚಿಲ್ಲರೆ ಕಾಸು ಇಡಲು ಮಾತ್ರ ಯೋಗ್ಯ. ಮಡಚಿ ಮಡಚಿ ಒಳಗಿನ ಎಳೆಗಳು ಹರಿಯುವುದುಂಟು, ಆದ್ದರಿಂದ ಕೆಲವು ತಿಂಗಳಿಗೊಮ್ಮೆ ಈ ಪರೀಕ್ಷೆ ನಡೆಸುವುದು ಒಳಿತು. ಅಡುಗೆಮನೆಯ ಸ್ಟೀಲ್ ಡಬ್ಬಿ ಸಾಲದೇ ಎಂದು ಕೇಳುವವರಿದ್ದಾರೆ. ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿ ಸಾಲಬಹುದು, ಸಡಿಲವಿದ್ದರೆ ಸಾಲದು. ಇದಕ್ಕೂ ಅದೇ ಪರೀಕ್ಷೆ: ಡಬ್ಬಿ ಹಿಡಿದು ಕಾರಿನ ಪಕ್ಕ ನಿಲ್ಲುವುದು. ನೆರೆಯವರು ವಿಚಿತ್ರವಾಗಿ ನೋಡಿಯಾರು, ನೋಡಲಿ.

ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವುದು ಎರಡನೆಯ ಕೀಯನ್ನು. ದಿನಬಳಕೆಯ ಕೀ ಪೌಚಿನಲ್ಲಿ ಭದ್ರ, ಬೀಡುಬಿಟ್ಟಿರುವ ಇನ್ನೊಂದು ಕಿಟಕಿ ಪಕ್ಕದ ಮೇಜಿನ ಡ್ರಾಯರಿನಲ್ಲಿ! ಅದೂ ಅಷ್ಟೇ ನಿಷ್ಠೆಯಿಂದ ಉತ್ತರಿಸುತ್ತದೆ. ಅದನ್ನು ಮನೆಯ ಒಳಭಾಗದ ಕಬ್ಬಿಣದ ಬೀರುವಿಗೆ ಸೇರಿಸಿ, ಬೇಕಿದ್ದರೆ ಬ್ಯಾಟರಿ ಹೊರತೆಗೆದಿಡಿ. ಬ್ಯಾಟರಿ ಇಲ್ಲದಿದ್ದರೂ ಅನೇಕ ಕಾರುಗಳಲ್ಲಿ ಕೀಯೊಳಗೆ ಅಡಗಿರುವ ಲೋಹದ ಕೀಲಿಯಿಂದ ಬಾಗಿಲು ತೆರೆದು, ಕೀಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಎಂಜಿನ್ ಚಾಲೂ ಮಾಡಬಹುದು. ವಿಧಾನ ಕಾರಿನ ಜೊತೆ ಬಂದ ಕೈಪಿಡಿಯಲ್ಲಿರುತ್ತದೆ. ನಾವು ಬಹುಮಂದಿ ಪ್ಲಾಸ್ಟಿಕ್ ಕವರನ್ನೂ ತೆಗೆಯದ ಪುಸ್ತಕ ಅದು.

ಅದೇ ಪುಸ್ತಕದಲ್ಲಿ ಇನ್ನೊಂದನ್ನೂ ಹುಡುಕಿ. ಕೆಲವು ಕಾರುಗಳಲ್ಲಿ ಮುಟ್ಟಿದರೆ ತೆರೆಯುವ ಸೌಲಭ್ಯವನ್ನು ಸ್ಥಗಿತಗೊಳಿಸಿ, ಗುಂಡಿ ಒತ್ತಿದರೆ ಮಾತ್ರ ತೆರೆಯುವಂತೆ ಬದಲಿಸಿಕೊಳ್ಳಲು ಅವಕಾಶವಿದೆ. ಇನ್ನು ಕೆಲವು ಕೀಗಳೊಳಗೆ ಚಲನೆಯನ್ನು ಗುರುತಿಸುವ ಸಂವೇದಕವಿದ್ದು, ಅಲುಗಾಡದೆ ಬಿದ್ದಿದ್ದರೆ ಅವು ತಾವಾಗಿಯೇ ನಿದ್ದೆಗೆ ಜಾರುತ್ತವೆ. ಫೋರ್ಡ್ ಕಂಪನಿ 2019ರಲ್ಲಿ ಬ್ರಿಟನ್ನಿನಲ್ಲಿ ಫಿಯೆಸ್ಟಾ ಮತ್ತು ಫೋಕಸ್ ಕಾರುಗಳಿಗೆ ಕೊಟ್ಟ ಕೀ 40 ಸೆಕೆಂಡು ನಿಶ್ಚಲವಾಗಿದ್ದರೆ ಉತ್ತರಿಸುವುದನ್ನೇ ನಿಲ್ಲಿಸುತ್ತಿತ್ತು. ಮಲಗಿದ ಕೀಗೆ ಕಳ್ಳ ಎಷ್ಟು ಕೂಗಿದರೇನು? ಟೆಸ್ಲಾ ಇನ್ನೊಂದು ದಾರಿ ಹಿಡಿಯಿತು. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಸಂಶೋಧಕರು ಮಾಡೆಲ್ ಎಸ್ ಕಾರಿನ ಕೀಯನ್ನು ಕ್ಷಣಗಳಲ್ಲಿ ನಕಲು ಮಾಡಬಹುದೆಂದು 2018ರಲ್ಲಿ ತೋರಿಸಿದರು. ಅದೇ ವರ್ಷ, ಪರದೆಯ ಮೇಲೆ ಪಿನ್ ಸಂಖ್ಯೆ ಒತ್ತಿದ ಹೊರತು ಕಾರು ಕದಲದಂತೆ ಮಾಡುವ ಆಯ್ಕೆಯನ್ನು ಕಂಪನಿ ಒದಗಿಸಿತು.

ಇವೆಲ್ಲವುಗಳ ನಡುವೆ ಹಳಬರೊಬ್ಬರಿಗೆ ಮರಳಿ ಮರ್ಯಾದೆ ಸಿಕ್ಕಿದೆ. ಅದು ಸ್ಟಿಯರಿಂಗ್‌ಗೆ ಅಡ್ಡಲಾಗಿ ಹಾಕುವ ಕಬ್ಬಿಣದ ಲಾಕ್. ರಿಲೇ, ಒಬಿಡಿ, ಕ್ಯಾನ್ ಬಸ್ ಯಾವುದಕ್ಕೂ ಅದು ಜಗ್ಗದು, ಏಕೆಂದರೆ ಅದಕ್ಕೆ ಕಿವಿಯೇ ಇಲ್ಲ. ಗರಗಸದಿಂದ ಕತ್ತರಿಸಬಹುದು ನಿಜ, ಆದರೆ ಅದಕ್ಕೆ ಸಮಯ ಬೇಕು, ಸದ್ದಾಗುತ್ತದೆ. ಒಂದು ನಿಮಿಷದಲ್ಲಿ ಕೆಲಸ ಮುಗಿಸಲು ಬಂದವನು ಕಿಟಕಿಯಿಂದ ಅದನ್ನು ಕಂಡರೆ ಮುಂದಿನ ಕಾರಿನತ್ತ ನಡೆಯುವ ಸಂಭವವೇ ಹೆಚ್ಚು. ಒಂದೇ ಒಂದು ವಸ್ತುವಿಗೆ ಹಣ ಖರ್ಚು ಮಾಡುವಿರಾದರೆ ಇದಕ್ಕೇ ಮಾಡಿ ಎಂಬುದು ಈ ಬರಹಗಾರನ ಅಭಿಪ್ರಾಯ. ಒಬಿಡಿ ಕಿಂಡಿಗೂ ಬೀಗ ಸಿಗುತ್ತದೆ. ಜಿಪಿಎಸ್ ಟ್ರ್ಯಾಕರ್ ಕಳವನ್ನು ತಡೆಯದು, ಕಳವಾದ ಮೇಲೆ ಹುಡುಕಲು ನೆರವಾಗಬಹುದು. ಜಾಮರ್ ಎದುರು ಅದೂ ಮೂಕ. ಬೀದಿಬದಿಯ ಅಂಗಡಿಯಲ್ಲಿ ತಂತಿ ಕತ್ತರಿಸಿ ಜೋಡಿಸುವ ಅಗ್ಗದ ಉಪಕರಣಗಳಿಂದ ವಾರಂಟಿಗೆ ಕುತ್ತು ಬರಬಹುದೆಂಬುದು ನೆನಪಿರಲಿ.

ದೂರ ಅಳೆಯುವ ಕಾರು

ಮೂಲ ರೋಗಕ್ಕೆ ಔಷಧ ತಯಾರಕರ ಬಳಿಯೇ ಇದೆ. ಊಹಿಸುವ ಬದಲು ಅಳೆಯುವುದು. ರೇಡಿಯೋ ತರಂಗ ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಲ್ಲಿ, ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಕೀ 10 ಮೀಟರ್ ದೂರದಲ್ಲಿದ್ದರೆ ಹೋಗಿಬರಲು ಸುಮಾರು 67 ನ್ಯಾನೋಸೆಕೆಂಡು ಬೇಕು. ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ತಂತ್ರಜ್ಞಾನಕ್ಕೆ ಇಷ್ಟು ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸುವ ಶಕ್ತಿಯಿದೆ. ನಡುವೆ ಕಳ್ಳರ ಪೆಟ್ಟಿಗೆ ಬಂದರೆ ಉತ್ತರ ತಡವಾಗಬಹುದೇ ವಿನಾ ಬೇಗ ಬರಲಾರದು. ಬೆಳಕಿಗಿಂತ ವೇಗವಾಗಿ ಓಡುವ ಕಳ್ಳ ಇನ್ನೂ ಹುಟ್ಟಿಲ್ಲ.

ಈ ದಾರಿಯಲ್ಲಿ ಮೊದಲು ಹೆಜ್ಜೆಯಿಟ್ಟವರಲ್ಲಿ, 2008ರಿಂದ ಟಾಟಾ ಮೋಟಾರ್ಸ್ ಒಡೆತನದಲ್ಲಿರುವ ಜಾಗ್ವಾರ್ ಲ್ಯಾಂಡ್ ರೋವರ್ ಕೂಡ ಒಂದು. ಅದರ ಹಿಂದೆ ಕಹಿ ಅನುಭವವಿದೆ. ಬ್ರಿಟನ್ನಿನಲ್ಲಿ ರೇಂಜ್ ರೋವರ್‌ಗಳ ಕಳವು ಎಷ್ಟರಮಟ್ಟಿಗೆ ಹೆಚ್ಚಿತೆಂದರೆ, ಅವುಗಳಿಗೆ ವಿಮೆ ಮಾಡಿಸುವುದೇ ಮಾಲೀಕರಿಗೆ ತಲೆನೋವಾಯಿತು. ಕಂಪನಿ 2023ರಲ್ಲಿ ತಾನೇ ವಿಮಾ ಯೋಜನೆ ತೆರೆಯಬೇಕಾಯಿತು. ಅಲ್ಲದೆ, ಈಗಾಗಲೇ ರಸ್ತೆಯಲ್ಲಿರುವ ಹಳೆಯ ಕಾರುಗಳ ಭದ್ರತೆ ಬಲಪಡಿಸಲು 1 ಕೋಟಿ ಪೌಂಡ್ ತೆಗೆದಿರಿಸಿತು. ಹೊಸ ಚಿಪ್ ಇದೆಯೆಂದು ಮೈಮರೆಯುವಂತೆಯೂ ಇಲ್ಲ. ಅಲ್ಟ್ರಾ ವೈಡ್‌ಬ್ಯಾಂಡ್ ಚಿಪ್ ಹೊಂದಿದ್ದ ಟೆಸ್ಲಾ ಮಾಡೆಲ್ 3 ಕಾರನ್ನೂ ರಿಲೇ ತಂತ್ರದಿಂದ ತೆರೆಯಬಹುದೆಂದು ಚೀನಾದ ಸಂಶೋಧಕರು 2024ರಲ್ಲಿ ತೋರಿಸಿದರು. ಅಳತೆಗೋಲು ಕಾರಿನಲ್ಲಿತ್ತು, ಕಳವು ತಡೆಯಲು ಅದನ್ನು ಬಳಸುತ್ತಿರಲಿಲ್ಲ! ಹೊಸ ಕಾರು ಕೊಳ್ಳುವಾಗ ಸನ್‌ರೂಫ್ ಬಗ್ಗೆ ಕೇಳುವ ಹತ್ತು ಪ್ರಶ್ನೆಗಳ ನಡುವೆ ಕೀ ಬಗ್ಗೆಯೂ ಒಂದನ್ನು ಕೇಳುವುದು ಅತ್ಯಗತ್ಯ.

ಕಾನೂನೂ ನಿಧಾನವಾಗಿ ಎಚ್ಚರಗೊಂಡಿದೆ. ರಿಲೇ ಪೆಟ್ಟಿಗೆ, ಜಾಮರ್ ಮುಂತಾದವನ್ನು ಕಳವಿಗಾಗಿ ಇಟ್ಟುಕೊಳ್ಳುವುದೇ ಅಪರಾಧವಾಗಬೇಕು, 5 ವರ್ಷಗಳವರೆಗೆ ಸೆರೆವಾಸವಿರಬೇಕು ಎಂಬ ಪ್ರಸ್ತಾವವುಳ್ಳ ಮಸೂದೆಯನ್ನು ಬ್ರಿಟನ್ ಸರಕಾರ 2025ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದಿಟ್ಟಿತು.

ಕಾರು ಹೋದರೂ ಕಂತು ನಿಲ್ಲದು

ಇಷ್ಟಾದ ಮೇಲೂ ಕಾರು ಕಳವಾದರೆ? ಸಾಲ ಮಾಡಿ ಕೊಂಡವರಿಗೆ ಕಾರು ಇಲ್ಲದಿದ್ದರೂ ಬ್ಯಾಂಕಿನ ಮಾಸಿಕ ಕಂತು ನಿಲ್ಲುವುದಿಲ್ಲ. ವಿಮೆಯ ಹಣ ಮೊದಲು ಹೋಗುವುದೂ ಸಾಲಕ್ಕೇ. ಅದೂ ಸಿಗುವುದು ಪಾಲಿಸಿಯಲ್ಲಿ ನಮೂದಾದ ಘೋಷಿತ ಮೌಲ್ಯ ಮಾತ್ರ, ಶೋರೂಮಿನಲ್ಲಿ ತೆತ್ತ ಬೆಲೆಯಲ್ಲ. ಥರ್ಡ್ ಪಾರ್ಟಿ ವಿಮೆ ಮಾತ್ರ ಮಾಡಿಸಿದವರಿಗೆ ಬಿಡಿಗಾಸೂ ದಕ್ಕದು.

ಕಳವು ತಿಳಿದ ಕ್ಷಣವೇ 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ಎಫ್‌ಐಆರ್ ದಾಖಲಿಸಿ, ವಿಮಾ ಕಂಪನಿಗೂ ತಿಳಿಸಬೇಕು. ಎಫ್‌ಐಆರ್ ತಕ್ಷಣ ದಾಖಲಾಗಿದ್ದರೆ, ವಿಮಾ ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ನೀಡಿದೆ. ಕಾರು ಪತ್ತೆಯಾಗದಿದ್ದಾಗ ಪೊಲೀಸರು ಸಲ್ಲಿಸುವ 'ಸಿ' ರಿಪೋರ್ಟ್ ಬಂದ ಬಳಿಕವೇ ಸಾಮಾನ್ಯವಾಗಿ ಪರಿಹಾರದ ಕಡತ ಮುಂದೆ ಸಾಗುತ್ತದೆ.

ವಿಮಾ ಕಂಪನಿ ಮೊದಲು ಕೇಳುವುದು ಎರಡೂ ಮೂಲ ಕೀಗಳನ್ನು. ಒಂದು ಕೀ ಎಂದೋ ಕಳೆದುಹೋಗಿದ್ದು, ಆ ಬಗ್ಗೆ ಎಲ್ಲಿಯೂ ದಾಖಲೆಯಿಲ್ಲದಿದ್ದರೆ ಮಾಲೀಕರ ಮೇಲೆಯೇ ಅನುಮಾನದ ನೆರಳು. ಕೀಯನ್ನು ವಾಹನದಲ್ಲೇ ಬಿಟ್ಟಿದ್ದಾಗ ಕಳವಾದ ಲಾರಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಪೂರ್ತಿ ಪರಿಹಾರದ ಬದಲು ಶೇ. 75ರಷ್ಟನ್ನು ಎತ್ತಿಹಿಡಿದಿತ್ತು. ಕಾಫಿ ಕುಡಿಯಲು ಇಳಿದಾಗ ಕೀಲೆಸ್ ಕಾರಿನ ಕೀಯನ್ನು ಕಪ್ ಇಡುವ ಗುಳಿಯಲ್ಲೇ ಬಿಟ್ಟುಹೋಗುವವರು ಇದನ್ನು ಗಮನಿಸಬೇಕು. ಇನ್ನು ನಿಮ್ಮ ಎರಡೂ ಕೀಗಳು ಕೈಯಲ್ಲೇ ಇದ್ದು, ರಿಲೇ ದಾಳಿಯಲ್ಲಿ ಕಾರು ಹೋಗಿದ್ದರೆ, ಅದನ್ನು ತೋರಿಸಬಲ್ಲದ್ದು ಸಿಸಿಟಿವಿ ದೃಶ್ಯವೇ. ಅವು ಕೆಲವೇ ದಿನಗಳಲ್ಲಿ ಅಳಿದುಹೋಗುವುದರಿಂದ ನೆರೆಮನೆಯವರದ್ದನ್ನೂ ಸೇರಿಸಿ ಅಂದೇ ಪ್ರತಿ ಮಾಡಿಟ್ಟುಕೊಳ್ಳುವುದು ಜಾಣತನ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಒಂದು ಮಾತು ಉಳಿದಿದೆ. ಮಾರುವವರು ಎರಡು ಕೀ ಕೊಟ್ಟರೆಂದು ಮೂರನೆಯದು ಇಲ್ಲವೆನ್ನುವಂತಿಲ್ಲ. ಎಷ್ಟು ಕೀಗಳು ಕಾರಿನ ನೆನಪಿನಲ್ಲಿವೆ ಎಂಬುದನ್ನು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ನೋಡಿಸಿ, ನಿಮ್ಮ ಕೈಯಲ್ಲಿರುವ ಎರಡನ್ನು ಬಿಟ್ಟು ಮಿಕ್ಕವನ್ನು ಅಳಿಸಿಹಾಕಲು ಕೇಳಿ. ಹಣ ಪಾವತಿಸಿದ ರಸೀದಿಯನ್ನು ವಿಮೆಯ ಕಾಗದಗಳ ಜೊತೆಗಿಡಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಲ್ಲ.